ಬಾಡಿಗೆ ಫ್ಲಾಟಿನ ಸ್ಲ್ಯಾಬ್ ಉದುರ್ತಾ ಉಂಟು, ಬಾಡಿಗೆ ನಿಲ್ಲಿಸಬಹುದಾ?

ಪ್ರಶ್ನೆ (ಮಂಗಳೂರು):
ಮೇಡಂ, ನಮಸ್ಕಾರ. ಬಿಜೈ ಹತ್ತಿರ ಒಂದು ಹಳೇ ಅಪಾರ್ಟ್‌ಮೆಂಟಿನ ಕೊನೆಯ ಮಹಡಿಯಲ್ಲಿ ಎರಡು ವರ್ಷದಿಂದ ಬಾಡಿಗೆಗೆ ಇದ್ದೇವೆ. ಬಾಡಿಗೆ 14,000, ಅಡ್ವಾನ್ಸ್ 75,000. ಅಗ್ರಿಮೆಂಟ್ ಒಂದೇ ಸಲ ಮಾಡಿದ್ದು, 11 ತಿಂಗಳಿಗೆ. ಆಮೇಲೆ ರಿನ್ಯೂ ಮಾಡಿಲ್ಲ. ಹೋದ ಮಳೆಗಾಲದಲ್ಲಿ ಮಗಳ ಕೋಣೆಯ ಸ್ಲ್ಯಾಬಿನಲ್ಲಿ ಪಸೆ ಕಾಣಿಸಿತ್ತು. ಈ ಸಲ ನೀರು ತೊಟ್ಟಿಕ್ಕುತ್ತಿದೆ. ಮೊನ್ನೆ ರಾತ್ರಿ ಅಂಗೈ ಅಗಲದ ಸಿಮೆಂಟ್ ತುಂಡು ಅವಳ ಓದುವ ಮೇಜಿನ ಮೇಲೆ ಬಿತ್ತು. ಅವಳು ಆಗಷ್ಟೇ ಊಟಕ್ಕೆ ಎದ್ದು ಬಂದಿದ್ದಳು. ಬಿದ್ದ ಜಾಗದಲ್ಲಿ ತುಕ್ಕು ಹಿಡಿದ ಕಬ್ಬಿಣ ಕಾಣುತ್ತದೆ. ಓನರ್ ದುಬೈಯಲ್ಲಿ ಇದ್ದಾರೆ. ಫೋನ್ ಮಾಡಿದರೆ "ಮಳೆ ಬಿಡಲಿ, ನೋಡುವ" ಅಂತಾರೆ. ಬಾಡಿಗೆ ಕೊಡುವುದನ್ನು ನಿಲ್ಲಿಸಬಹುದಾ?

ಉತ್ತರ (ವಕೀಲರು):
ಮೊದಲು ಮಗಳನ್ನು ಆ ಕೋಣೆಯಿಂದ ಹೊರಗೆ ಮಲಗಿಸಿ. ನೀರು ಫ್ಯಾನ್ ಅಥವಾ ಸ್ವಿಚ್ ಕಡೆಗೆ ಇಳಿಯುತ್ತಿದ್ದರೆ ಆ ಕೋಣೆಯ ಎಂಸಿಬಿ (ಮೀಟರ್ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡಿಡಿ. ಕಾನೂನು ಆಮೇಲೆ.

ನಮ್ಮ ಕರಾವಳಿಯಲ್ಲಿ ಇದು ಬರೀ ಸೋರುವ ವಿಷಯ ಅಲ್ಲ. ಉಪ್ಪಿನ ಗಾಳಿ, ನಾಲ್ಕು ತಿಂಗಳ ಮಳೆ. ಸ್ಲ್ಯಾಬಿನೊಳಗಿನ ಕಬ್ಬಿಣ ತುಕ್ಕು ಹಿಡಿದರೆ ಉಬ್ಬುತ್ತದೆ, ಸಿಮೆಂಟನ್ನು ಒಳಗಿಂದಲೇ ತಳ್ಳುತ್ತದೆ. ಕೆಳಗಿಂದ ಪುಟ್ಟಿ ಮೆತ್ತಿ ಪೇಂಟ್ ಹೊಡೆದರೆ ಮತ್ತೆ ಬೀಳುತ್ತದೆ. ಓನರ್ ಅಷ್ಟಕ್ಕೇ ಮುಗಿಸಲು ನೋಡಿದರೆ ಒಪ್ಪಬೇಡಿ.

ಬಾಡಿಗೆ ಮಾತ್ರ ಸುಮ್ನೆ ನಿಲ್ಲಿಸಬೇಡಿ. ನಿಲ್ಲಿಸಿದ ದಿನದಿಂದ ತಪ್ಪು ನಿಮ್ಮ ಕಡೆಗೆ ಬರುತ್ತದೆ. ಮನೆ ಖಾಲಿ ಮಾಡಿಸಲು ಅವರಿಗೆ ನೀವೇ ಕಾರಣ ಕೊಟ್ಟ ಹಾಗಾಗುತ್ತದೆ. ಬ್ಯಾಂಕ್ ಮೂಲಕವೇ ಕಟ್ಟುತ್ತಾ ಇರಿ, ದಾಖಲೆ ಉಳಿಯಲಿ.

ಕರ್ನಾಟಕ ಬಾಡಿಗೆ ಕಾಯ್ದೆ, 1999 ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಹಾಗಾಗಿ ನಿಮ್ಮದಕ್ಕೆ ಬರುವುದು ಆಸ್ತಿ ವರ್ಗಾವಣೆ ಕಾಯ್ದೆ, 1882. ಅದರ 108ನೇ ಕಲಂನಲ್ಲಿ ನಿಮಗೆ ಬೇಕಾದ ಮಾತು ಉಂಟು. ಓನರ್ ಮಾಡಲೇಬೇಕಾದ ರಿಪೇರಿಯನ್ನು, ನೋಟಿಸ್ ಕೊಟ್ಟ ಮೇಲೂ ಸಾಕಷ್ಟು ಸಮಯದೊಳಗೆ ಮಾಡದಿದ್ದರೆ, ಬಾಡಿಗೆದಾರರೇ ಮಾಡಿಸಿ ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಆದರೆ ಅಗ್ರಿಮೆಂಟಿನಲ್ಲಿ ಬೇರೆ ಬರೆದಿದ್ದರೆ ಅದೇ ನಡೆಯುತ್ತದೆ. ಇವತ್ತೇ ತೆಗೆದು ರಿಪೇರಿ ಬಗ್ಗೆ ಏನಿದೆ ಓದಿ.

ಫೋನಿನ ಮಾತು ನೋಟಿಸ್ ಅಲ್ಲ. ಒಂದು ಪುಟ ಸಾಕು: ಪಸೆ ಯಾವಾಗ ಕಂಡಿತು, ತುಂಡು ಯಾವ ದಿನ ಬಿತ್ತು, ಎಷ್ಟು ದಿನದೊಳಗೆ ಇಂಜಿನಿಯರ್ ಕಳಿಸಬೇಕು. ಫೋಟೋ ಸೇರಿಸಿ. ಆ ತುಂಡನ್ನೂ ಬಿಸಾಡಬೇಡಿ. ಅಗ್ರಿಮೆಂಟಿನಲ್ಲಿರುವ ಊರಿನ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ, ದುಬೈಗೆ ಇಮೇಲ್ ಮತ್ತು ವಾಟ್ಸಾಪ್ ಮಾಡಿ. ಇಲ್ಲಿ ಅವರ ಪವರ್ ಆಫ್ ಅಟಾರ್ನಿ ಯಾರಿಗಾದರೂ ಇದ್ದರೆ ಅವರಿಗೂ ಒಂದು ಪ್ರತಿ.

ಇನ್ನೊಂದು. ನಿಮ್ಮ ತಲೆ ಮೇಲಿರುವುದು ಟೆರೇಸ್. ಸಾಮಾನ್ಯವಾಗಿ ಅದು ಎಲ್ಲ ಫ್ಲಾಟಿನವರಿಗೂ ಸೇರಿದ್ದು, ಅಲ್ವಾ? ವಾಟರ್‌ಪ್ರೂಫಿಂಗ್ ಅಸೋಸಿಯೇಶನ್ ಕೆಲಸ ಆಗಿರಬಹುದು. ಸದಸ್ಯರು ಓನರ್, ನೀವಲ್ಲ. ಆದ್ದರಿಂದ ಅವರೇ ಅಸೋಸಿಯೇಶನ್‌ಗೆ ಬರೆಯಬೇಕು ಅಂತ ನೋಟಿಸಿನಲ್ಲಿ ಸೇರಿಸಿ. ಯಾರೂ ಅಲ್ಲಾಡದಿದ್ದರೆ ಲಾಲ್‌ಬಾಗ್‌ನ ಪಾಲಿಕೆ ಕಚೇರಿಗೆ ಅಪಾಯದ ಕಟ್ಟಡ ಅಂತ ದೂರು ಕೊಡಿ. ಸರಿಪಡಿಸಿ ಅಂತ ಮಾಲೀಕರಿಗೆ ಹೇಳುವ ಅಧಿಕಾರ ಪಾಲಿಕೆಗೆ ಇದೆ.

ಅದೇ ಪ್ರಶ್ನೆ ಕೇಳಿದವರು:
ಅಗ್ರಿಮೆಂಟಿನಲ್ಲಿ ರಿಪೇರಿ ಬಗ್ಗೆ ಏನೂ ಇಲ್ಲ ಮೇಡಂ. ಕಂಟ್ರಾಕ್ಟರ್ 60,000 ಹೇಳಿದರು. ನಾವೇ ಮಾಡಿಸಿ ಕಳೆದುಕೊಳ್ಳುವುದಾ?

ಉತ್ತರ:
ಬೇಡ ಅಂತ ನನ್ನ ಅಭಿಪ್ರಾಯ. ಅಗ್ರಿಮೆಂಟಿನಲ್ಲಿ ಏನೂ ಇಲ್ಲದಿದ್ದರೆ, ಇದು ಓನರ್ ಮಾಡಲೇಬೇಕಾದ ರಿಪೇರಿಯಾ ಅನ್ನುವಲ್ಲೇ ಜಗಳ ಶುರುವಾಗುತ್ತದೆ. ನಲ್ಲಿ, ಪೈಪು, ವೈರಿಂಗ್ ಆದರೆ ಮಾಡಿಸಿ ಅಂತಿದ್ದೆ. ಸ್ಲ್ಯಾಬ್ ಮುಟ್ಟಿದರೆ "ನೀವೇ ಹಾಳು ಮಾಡಿದ್ದು" ಅನ್ನುವ ಮಾತು ಬರುತ್ತದೆ. ಟೆರೇಸ್ ಸರಿಮಾಡದೆ ಕೆಳಗೆ ಮಾಡಿದ ಕೆಲಸವೂ ನಿಲ್ಲುವುದಿಲ್ಲ. ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರಿಂದ ಬರಹದಲ್ಲಿ ವರದಿ ತೆಗೆದುಕೊಳ್ಳಿ. ಆ ಖರ್ಚು ದಂಡ ಅಲ್ಲ. ಕೋಣೆ ಬಳಸಲು ಆಗದ ತಿಂಗಳುಗಳಿಗೆ ಬಾಡಿಗೆ ಕಡಿಮೆ ಮಾಡಿ ಅಂತ ಕೇಳಿ, ಒಪ್ಪಿದ್ದನ್ನು ಬರೆಸಿಕೊಳ್ಳಿ. ಬಿಟ್ಟು ಹೋಗುವುದಾದರೆ ಅದೂ ಕಷ್ಟ ಇಲ್ಲ. ರಿನ್ಯೂ ಆಗದೆ ತಿಂಗಳ ಲೆಕ್ಕದಲ್ಲಿ ನಡೆಯುವ ಬಾಡಿಗೆಗೆ 15 ದಿನದ ನೋಟಿಸ್ ಸಾಕು.

ಉಡುಪಿಯಿಂದ ಒಬ್ಬರು:
ನಮ್ಮದು ಬೇರೆ ಕತೆ ಮಾರಾಯ್ರೆ. ರಿಪೇರಿಗೆ ಎರಡು ತಿಂಗಳು ಖಾಲಿ ಮಾಡಿ, ಆಮೇಲೆ ನೀವೇ ಬನ್ನಿ ಅಂತಾರೆ ಓನರ್. ನಂಬಬಹುದಾ?

ಉತ್ತರ:
ಒಳ್ಳೆಯವರೇ ಇರಬಹುದು. ಆದರೂ ಬೀಗದ ಕೈ ಕೊಡುವ ಮೊದಲು ಬರೆಸಿಕೊಳ್ಳಿ: ವಾಪಸ್ ಬರುವ ದಿನ, ಹಳೇ ಬಾಡಿಗೆಯೇ, ಆ ಎರಡು ತಿಂಗಳು ಬಾಡಿಗೆ ಇಲ್ಲ, ಅಡ್ವಾನ್ಸ್ ಯಾರ ಹತ್ತಿರ ಇರುತ್ತದೆ. ಇಬ್ಬರ ಸಹಿಯೂ ಬೇಕು. ಬೀಗದ ಕೈ ಕೊಟ್ಟ ಮೇಲೆ ಹೊಸ ಟೈಲ್ಸ್, ಹೊಸ ಬಾಡಿಗೆ, ಹೊಸ ಬಾಡಿಗೆದಾರರು ಅಂತ ಆದರೆ ವಾಪಸ್ ಬರುವುದು ತುಂಬಾ ಕಷ್ಟ. ಬರೆದುಕೊಡಲು ಒಪ್ಪದಿದ್ದರೆ ಅಡ್ವಾನ್ಸ್ ಪೂರ್ತಿ ಕೈಗೆ ಬಂದ ದಿನವೇ ಬೀಗದ ಕೈ ಕೊಡಿ.

ವಕೀಲರ ಫೀಸಿಗೆ ಯೋಚನೆ ಇದ್ದವರು ಕಾನೂನು ನೆರವಿನ ಸಹಾಯವಾಣಿ 15100ಗೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.