ಅಪ್‌ಡೇಟ್: ಖಾಲಿ ಬರುತ್ತಿದ್ದ ದಿನಾಂಕದ ಟ್ಯಾಗ್ ಸರಿಯಾಯಿತು

ಜಾವಾ ಆಬ್ಜೆಕ್ಟನ್ನು ಜ್ಯಾಕ್ಸ್‌ಬಿ ಲೈಬ್ರರಿಯಲ್ಲಿ ಎಕ್ಸ್‌ಎಂಎಲ್‌ಗೆ ಬದಲಾಯಿಸಿದರೆ ಲೋಕಲ್‌ಡೇಟ್ (ದಿನಾಂಕ ಇಡುವ ಜಾವಾ ಟೈಪ್) ಫೀಲ್ಡಿನ ಟ್ಯಾಗ್ ಖಾಲಿ ಬರುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ನೀವು ಹೇಳಿದ ಹಾಗೆ ಎಕ್ಸ್‌ಎಂಎಲ್‌ಅಡಾಪ್ಟರ್ (ಒಂದು ಟೈಪನ್ನು ಹೇಗೆ ಬದಲಾಯಿಸಬೇಕು ಅಂತ ಜ್ಯಾಕ್ಸ್‌ಬಿಗೆ ಹೇಳುವ ಕ್ಲಾಸ್) ಬರೆದೆ, ಕೆಲಸ ಆಯ್ತು!

ಬರೆಯಬೇಕಾದ್ದು ಎರಡೇ ಮೆಥಡ್. ಮಾರ್ಷಲ್‌ನಲ್ಲಿ ದಿನಾಂಕವನ್ನು ಸ್ಟ್ರಿಂಗ್ ಮಾಡಿ ಕೊಡಬೇಕು, ಅನ್‌ಮಾರ್ಷಲ್‌ನಲ್ಲಿ ಆ ಸ್ಟ್ರಿಂಗನ್ನು ಪಾರ್ಸ್ ಮಾಡಿ ಮತ್ತೆ ದಿನಾಂಕ ಮಾಡಬೇಕು. ಈಗ ಟ್ಯಾಗಿನೊಳಗೆ 2024-03-15 ಅಂತ ನೀಟಾಗಿ ಬರುತ್ತಿದೆ. ಎರಡರಲ್ಲೂ ನಲ್ ಚೆಕ್ (ಬಂದದ್ದು ಖಾಲಿಯೇ ಅಂತ ನೋಡುವುದು) ಮಾತ್ರ ಮರೆಯಬೇಡಿ. ಅದಿಲ್ಲದೆ ದಿನಾಂಕ ತುಂಬದ ಆಬ್ಜೆಕ್ಟ್ ಬಂದರೆ ಅಲ್ಲೇ ಎಕ್ಸೆಪ್ಶನ್ ಬರುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು ಪ್ಯಾಕೇಜ್-ಇನ್ಫೋ (ಇಡೀ ಪ್ಯಾಕೇಜಿಗೆ ಅನ್ವಯಿಸುವುದನ್ನು ಬರೆಯುವ ಫೈಲ್) ಸಲಹೆ. ಯಾವ ಅಡಾಪ್ಟರ್ ಬಳಸಬೇಕು ಅಂತ ಹೇಳುವ ಅನೋಟೇಶನ್ನನ್ನು ಅಲ್ಲಿ ಒಮ್ಮೆ ಹಾಕಿ, ಟೈಪ್ ಲೋಕಲ್‌ಡೇಟ್ ಅಂತ ಕೊಟ್ಟರೆ ಆ ಪ್ಯಾಕೇಜಿನ ಎಲ್ಲ ಕ್ಲಾಸಿಗೂ ಸಾಕು. ಪ್ರತಿ ಫೀಲ್ಡಿನ ಮೇಲೂ ಸುಮ್ನೆ ಯಾಕೆ ಬರೆಯಬೇಕು, ಅಲ್ವಾ? ಬೇರೆ ಪ್ಯಾಕೇಜಿಗೆ ಮಾತ್ರ ಇನ್ನೊಂದು ಫೈಲ್ ಬೇಕು. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.