ಅನ್‌ರೇಡ್: ಸಾಟಾ ಕ್ಯಾಶ್ ಪೂಲ್‌ನಿಂದ ಎನ್‌ವಿಎಂಇಗೆ, ಬೋರ್ಡ್ ಜೊತೆಗೇ ಬದಲಿಸಬಹುದಾ?

ಮೂಲೆಸರ್ವರ್:
ಅನ್‌ರೇಡ್ 6.12 (ಮನೆ ಸರ್ವರ್‌ನ ಆಪರೇಟಿಂಗ್ ಸಿಸ್ಟಮ್). ಕ್ಯಾಶ್ ಪೂಲ್‌ನಲ್ಲಿ (ವೇಗದ ಡ್ರೈವ್‌ಗಳ ಗುಂಪು) 500 ಜಿಬಿಯ ಎರಡು ಸಾಟಾ ಎಸ್‌ಎಸ್‌ಡಿ, ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್, ರೇಡ್ 1 (ಎರಡರಲ್ಲೂ ಒಂದೇ ಪ್ರತಿ). ಆಪ್‌ಡೇಟಾ (ಆಪ್‌ಗಳ ಡೇಟಾ), ಸಿಸ್ಟಮ್, ಡೊಮೇನ್ಸ್ (ವಿಎಂ ಅಂದರೆ ವರ್ಚುವಲ್ ಮೆಷಿನ್‌ಗಳ ಡಿಸ್ಕ್) ಮೂರೂ ಶೇರ್ (ಹಂಚಿಕೆ ಫೋಲ್ಡರ್) ಅದರ ಮೇಲೇ ಇವೆ, ಸುಮಾರು 310 ಜಿಬಿ. ಬೋರ್ಡ್, ಪ್ರೊಸೆಸರ್, 16 ಜಿಬಿ ರ‍್ಯಾಮ್ ಹೊಸದು ಬರ್ತಿದೆ, ಜೊತೆಗೆ ಬೋರ್ಡಿನ ಎಂ.2 ಸ್ಲಾಟಿಗೆ ಕೂರುವ 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಎರಡು. ಹಳೇ ಡ್ರೈವ್ ಒಂದನ್ನು ತೆಗೆದು ಪೂಲ್‌ ಪಟ್ಟಿಯ ಆ ಸ್ಲಾಟಿಗೆ ಹೊಸದು ಕೊಟ್ಟು, ರೀಬಿಲ್ಡ್ ಆದಮೇಲೆ ಇನ್ನೊಂದನ್ನೂ ಹಾಗೇ ಮಾಡಿದರೆ ಸಾಕಾ? ಸಾಧ್ಯವಾದರೆ ಝಡ್‌ಎಫ್‌ಎಸ್‌ಗೂ (ಇನ್ನೊಂದು ಫೈಲ್‌ಸಿಸ್ಟಮ್) ಹೋಗಬೇಕು ಅಂತಿದೆ.

ತಂತಿಜೇಡ:
ಎರಡನ್ನೂ ಒಟ್ಟಿಗೆ ಮಾಡಬೇಡಿ. ಏನಾದರೂ ಕೈಕೊಟ್ಟರೆ ತಪ್ಪು ಬೋರ್ಡಿನದಾ ಪೂಲಿನದಾ ಗೊತ್ತಾಗಲ್ಲ. ಮೊದಲು ಬೋರ್ಡ್ ಮಾತ್ರ, ಹಳೇ ಪೂಲ್ ಹಾಗೇ ಇರಲಿ. ಅನ್‌ರೇಡ್ ಡ್ರೈವ್‌ಗಳನ್ನು ಸೀರಿಯಲ್ ನಂಬರಿನಿಂದ ಗುರುತಿಸುತ್ತೆ, ಯಾವ ಕೇಬಲ್ ಯಾವ ಪೋರ್ಟಿಗೆ ಅನ್ನೋದು ಲೆಕ್ಕಕ್ಕಿಲ್ಲ.

ಶಟ್‌ಡೌನ್‌ಗೆ ಮುಂಚೆ ಅನ್‌ರೇಡ್ ಬೂಟ್ ಆಗುವ ಪೆನ್‌ಡ್ರೈವ್‌ನ ಕಾನ್ಫಿಗ್ ಫೋಲ್ಡರನ್ನು ಬೇರೆ ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ. ಅರೇ (ಮುಖ್ಯ ಡಿಸ್ಕ್‌ಗಳ ಗುಂಪು) ಆಟೋಸ್ಟಾರ್ಟ್, ವಿಎಂ ಆಟೋಸ್ಟಾರ್ಟ್ ಎರಡೂ ಆಫ್. ಪಾಸ್‌ಥ್ರೂ ಇರುವ (ಗ್ರಾಫಿಕ್ಸ್ ಕಾರ್ಡ್‌ನಂಥ ಸಾಧನವನ್ನು ನೇರವಾಗಿ ಪಡೆದಿರುವ) ವಿಎಂ ಹಳೇ ಪಿಸಿಐ ವಿಳಾಸವನ್ನೇ ಹುಡುಕುತ್ತೆ. ಹೊಸ ಬೋರ್ಡಲ್ಲಿ ಆ ವಿಳಾಸದಲ್ಲಿ ಸಾಟಾ ಕಂಟ್ರೋಲರ್ ಕೂತಿದ್ದರೆ ಅದನ್ನೇ ಕಿತ್ತುಕೊಳ್ಳಬಹುದು.

ಬೋರ್ಡಿನ ಮ್ಯಾನುಯಲ್ ಕೂಡ ನೋಡಿ. ಎಷ್ಟೋ ಬೋರ್ಡ್‌ಗಳಲ್ಲಿ ಎರಡನೇ ಎಂ.2 ಸ್ಲಾಟ್ ತುಂಬಿದ ಕೂಡಲೇ ಒಂದೋ ಎರಡೋ ಸಾಟಾ ಪೋರ್ಟ್ ಸತ್ತುಹೋಗುತ್ತೆ. ಬೂಟ್ ಆದಮೇಲೆ ಮೇನ್ ಪುಟದಲ್ಲಿ ಕ್ಯಾಶ್ ಡ್ರೈವ್ ಪಕ್ಕ ಡೇಟಾ ಓವರ್‌ರೈಟ್ ಆಗುತ್ತೆ ಅನ್ನೋ ಎಚ್ಚರಿಕೆ ಕಂಡರೆ ಸ್ಟಾರ್ಟ್ ಒತ್ತಲೇಬೇಡಿ.

ಬ್ಲಾಕ್‌ಸೈಜ್:
ಝಡ್‌ಎಫ್‌ಎಸ್ ಬೇಕು ಅಂದರೆ ಒಂದೊಂದಾಗಿ ಬದಲಿಸುವ ದಾರಿ ಮುಚ್ಚಿತು, ಫೈಲ್‌ಸಿಸ್ಟಮ್ ಬದಲಾಗೋದು ಫಾರ್ಮ್ಯಾಟ್ ಮಾಡಿದರೆ ಮಾತ್ರ. ಹೇಗೂ ಹಳೇದು ಸಾಟಾ, ಹೊಸದು ಎಂ.2. ನಾಲ್ಕೂ ಒಟ್ಟಿಗೆ ಕೂರುತ್ತವೆ. ಹೊಸ ಹೆಸರಲ್ಲಿ ಎರಡನೇ ಪೂಲ್ ಮಾಡಿ, ಝಡ್‌ಎಫ್‌ಎಸ್ ಮಿರರ್ (ರೇಡ್ 1ರಂತೆ ಜೋಡಿ ಪ್ರತಿ). ಹಳೇದು ಮುಟ್ಟದ ಬ್ಯಾಕಪ್ ಆಗಿ ಉಳಿಯುತ್ತೆ.

ಕಂಟೇನರ್ (ಡಾಕರ್‌ನಲ್ಲಿ ಪ್ರತ್ಯೇಕವಾಗಿ ಓಡುವ ಆಪ್) ನಿಲ್ಲಿಸಿದರೆ ಸಾಲದು, ಸೆಟ್ಟಿಂಗ್ಸ್‌ಗೆ ಹೋಗಿ ಡಾಕರ್, ವಿಎಂ ಸೇವೆಗಳನ್ನೇ ಡಿಸೇಬಲ್ ಮಾಡಿ. ತೆರೆದಿರುವ ಫೈಲನ್ನು ಮೂವರ್ (ಪೂಲ್, ಅರೇ ನಡುವೆ ಫೈಲ್ ಸಾಗಿಸುವ ಅನ್‌ರೇಡ್ ಟೂಲ್) ಮುಟ್ಟಲ್ಲ, ಡಾಕರ್ ಇಮೇಜ್ ಅಲ್ಲೇ ಉಳಿದುಬಿಡುತ್ತೆ. 6.12ರಲ್ಲಿ ಮೂವರ್‌ಗೆ ಪೂಲಿಂದ ಪೂಲಿಗೆ ನೇರ ದಾರಿಯೂ ಇಲ್ಲ (7.0ರಲ್ಲಿ ಬಂತು). ಅರೇ ಮೂಲಕ ಹೋಗಿ ಬರಬೇಕು, ಪ್ಲೆಕ್ಸ್‌ನಂಥ ಮೀಡಿಯಾ ಆಪ್‌ನ ಲಕ್ಷಾಂತರ ಸಣ್ಣ ಫೈಲ್‌ಗಳಿಗೆ ಅದು ನರಕ. ಆರ್‌ಸಿಂಕ್ (ಫೈಲ್ ಕಾಪಿ ಮಾಡುವ ಕಮಾಂಡ್) ಬಳಸಿ. ಆರ್ಕೈವ್, ಹಾರ್ಡ್‌ಲಿಂಕ್, ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್ ಮೂರೂ ಆಯ್ಕೆ ಬೇಕು. ಡೊಮೇನ್ಸ್‌ಗೆ ಸ್ಪಾರ್ಸ್ (ಖಾಲಿ ಭಾಗಕ್ಕೆ ಜಾಗ ತಿನ್ನದ ಆಯ್ಕೆ) ಕೂಡ, ಇಲ್ಲದಿದ್ದರೆ 40 ಜಿಬಿ ಬಳಸುತ್ತಿರುವ 200 ಜಿಬಿ ವಿಡಿಸ್ಕ್ (ವಿಎಂನ ಡಿಸ್ಕ್ ಫೈಲ್) ಅಲ್ಲಿ ಪೂರ್ತಿ 200 ನುಂಗುತ್ತೆ. ಕಾಪಿ ಪೂಲಿಂದ ಪೂಲಿಗೇ ಇರಲಿ. ಒಂದು ಕಡೆ ಯೂಸರ್ ಶೇರ್ (ಎಲ್ಲ ಡ್ರೈವ್‌ಗಳನ್ನೂ ಒಟ್ಟಾಗಿ ತೋರಿಸುವ) ಹಾದಿ, ಇನ್ನೊಂದು ಕಡೆ ಪೂಲ್ ಹಾದಿ ಕೊಟ್ಟರೆ ಫೈಲ್ ತನ್ನ ಮೇಲೇ ತಾನು ಬರೆದುಕೊಂಡು ಸೊನ್ನೆ ಬೈಟ್ ಆಗಬಹುದು.

ಮೂಲೆಸರ್ವರ್:
ಕಾಪಿ ಆದಮೇಲೆ ಡಾಕರ್ ಆನ್ ಮಾಡಿದರೆ ಆಯ್ತಾ?

ಬ್ಲಾಕ್‌ಸೈಜ್:
ಇಲ್ಲ. ಮೂರು ಶೇರ್‌ಗಳ ಪ್ರೈಮರಿ ಸ್ಟೋರೇಜ್ ಹೊಸ ಪೂಲಿಗೆ ತಿರುಗಿಸಿ. ಟೆಂಪ್ಲೇಟ್‌ನಲ್ಲಿ (ಕಂಟೇನರಿನ ಸೆಟ್ಟಿಂಗ್) ಹಳೇ ಪೂಲಿನ ಹಾದಿ ನೇರವಾಗಿ ಬರೆದಿರುವ ಕಂಟೇನರ್ ಯಾವ ಎರರ್ ಕೂಡ ಕೊಡದೆ ಹಳೇ ಪೂಲಲ್ಲೇ ಬರೀತಾ ಇರುತ್ತೆ. ಹಳೇ ಡ್ರೈವ್ ಕಳಚಿದ ದಿನ ಅದೇ ಜಾಗದಲ್ಲಿ ಖಾಲಿ ಫೋಲ್ಡರ್ ಹುಟ್ಟಿ, ಆಪ್ ಈಗಷ್ಟೇ ಇನ್‌ಸ್ಟಾಲ್ ಆದಂತೆ ಸ್ವಾಗತ ಪುಟ ತೋರಿಸುತ್ತೆ. ಸುಲಭದ ದಾರಿ: ಅರೇ ನಿಲ್ಲಿಸಿ ಹಳೇ ಪೂಲಿಗೆ ಬೇರೆ ಹೆಸರು, ಹೊಸದಕ್ಕೆ ಹಳೇ ಹೆಸರು. ಆಮೇಲೆ ಶೇರ್ ಸೆಟ್ಟಿಂಗ್ ಇನ್ನೊಮ್ಮೆ ನೋಡಿ, ನಂತರ ಡಾಕರ್. ಆಪ್‌ಡೇಟಾ ಮೇಲೆ ನ್ಯೂ ಪರ್ಮಿಶನ್ಸ್ (ಫೈಲ್‌ಗಳ ಅನುಮತಿ ಬದಲಿಸುವ ಟೂಲ್) ಮಾತ್ರ ಓಡಿಸಬೇಡಿ, ಡೇಟಾಬೇಸ್ ಕಂಟೇನರ್‌ಗಳು ಏಳಲ್ಲ.

ರೀಡ್‌ಓನ್ಲಿ:
ಇದೆಲ್ಲಕ್ಕೂ ಮುಂಚೆ ಹಳೇ ಪೂಲಿನ ಆರೋಗ್ಯ ನೋಡಿ. ಬಿಟಿಆರ್‌ಎಫ್‌ಎಸ್ ಯೂಸೇಜ್ ಔಟ್‌ಪುಟ್‌ನಲ್ಲಿ ಡೇಟಾ, ಮೆಟಾಡೇಟಾ ಎರಡರ ಮುಂದೂ ರೇಡ್ 1 ಇರಬೇಕು. ‘ಸಿಂಗಲ್’ ಅಂತ ಒಂದು ಸಾಲಿದ್ದರೂ ಅಷ್ಟು ಡೇಟಾಗೆ ಜೋಡಿ ಪ್ರತಿ ಇಲ್ಲ. ಕೇಬಲ್ ಸಡಿಲಾಗಿ ಒಂದು ಡ್ರೈವ್ ಬಿದ್ದುಹೋಗಿದ್ದಾಗ ಬರೆದದ್ದು ಹಾಗಾಗಿರುತ್ತೆ. ಡಿವೈಸ್ ಸ್ಟ್ಯಾಟ್ಸ್ (ಡ್ರೈವ್‌ನ ದೋಷ ಎಣಿಕೆ) ಎಲ್ಲ ಸೊನ್ನೆಯಾ ನೋಡಿ, ಆಮೇಲೆ ಸ್ಕ್ರಬ್ (ಡೇಟಾ ಕೆಟ್ಟಿಲ್ಲವಾ ಅಂತ ಚೆಕ್‌ಸಮ್ ಅನ್ನೋ ಗುರುತು ಸಂಖ್ಯೆಯೊಂದಿಗೆ ತಾಳೆ ನೋಡುವುದು). ಆದರೆ ಕಾಪಿ ಆನ್ ರೈಟ್ (ಹಳೇದರ ಮೇಲೆ ಬರೆಯದೆ ಹೊಸ ಜಾಗದಲ್ಲಿ ಬರೆಯುವುದು) ಆಫ್ ಇರುವ ಶೇರ್‌ನ ಫೈಲ್‌ಗಳಿಗೆ ಚೆಕ್‌ಸಮ್ಮೇ ಇರಲ್ಲ, ಸ್ಕ್ರಬ್ ಶುದ್ಧ ಅಂದರೂ ವಿಡಿಸ್ಕ್ ಸರಿಯಿದೆ ಅಂತ ನಂಬೋ ಹಾಗಿಲ್ಲ.

ಝಡ್‌ಎಫ್‌ಎಸ್ ರ‍್ಯಾಮಲ್ಲಿ ಇಟ್ಟುಕೊಳ್ಳುವ ಕ್ಯಾಶ್‌ಗೆ (ಕ್ಯಾಶ್ ಪೂಲ್ ಬೇರೆ) ಅನ್‌ರೇಡ್ ಡೀಫಾಲ್ಟ್ ಆಗಿ ರ‍್ಯಾಮಿನ ಎಂಟನೇ ಒಂದು ಭಾಗ ಬಿಡುತ್ತೆ, ನಿಮ್ಮ 16ರಲ್ಲಿ 2 ಜಿಬಿ. ವಿಎಂಗಳಿಗೆ ಮೆಮೊರಿ ಹಂಚುವಾಗ ಅದನ್ನು ಕಳೆದು ಲೆಕ್ಕ ಹಾಕಿ.