ಚಾರ್ಜರ್ ಹಾಕಿದರೆ ಮಾತ್ರ ಬುಕ್‌ಶೆಲ್ಫ್ ಸ್ಪೀಕರ್‌ನಲ್ಲಿ ಗುಂಯ್ ಸದ್ದು

ಪ್ರಶ್ನೆ: ಲ್ಯಾಪ್‌ಟಾಪ್‌ನ 3.5 ಎಂಎಂ ಜ್ಯಾಕ್‌ನಿಂದ ಪವರ್ಡ್ (ಒಳಗೇ ಆಂಪ್ಲಿಫೈಯರ್ ಇರುವ) ಸ್ಪೀಕರ್‌ನ ಆರ್‌ಸಿಎ (ಕೆಂಪು-ಬಿಳಿ ಆಡಿಯೊ) ಸಾಕೆಟ್‌ಗೆ ಕೇಬಲ್ ಕೊಟ್ಟಿದ್ದೇನೆ. ಚಾರ್ಜರ್ ಹಾಕಿದ ಕೂಡಲೇ ಗುಂಯ್ ಅನ್ನುತ್ತೆ, ಮೌಸ್ ಆಡಿಸಿದರೆ ಕಿರ್ ಕಿರ್. ಬ್ಯಾಟರಿಯಲ್ಲಿ ಎರಡೂ ಇಲ್ಲ. ಸ್ಪೀಕರ್ ಕೆಟ್ಟಿದೆಯಾ?

ಉತ್ತರ 1: ಇಲ್ಲ, ಇದು ಗ್ರೌಂಡ್ ಲೂಪ್. ಚಾರ್ಜರ್‌ನ ಅರ್ತ್, ಸ್ಪೀಕರ್‌ನ ಅರ್ತ್ ಎರಡೂ ಆಡಿಯೊ ಕೇಬಲ್‌ನ ಶೀಲ್ಡ್ (ತಂತಿಯ ಸುತ್ತಲಿನ ಲೋಹದ ಹೊದಿಕೆ) ಮೂಲಕ ಸೇರಿಕೊಂಡು ಅದರಲ್ಲಿ ಕರೆಂಟ್ ಹರಿಯುತ್ತೆ. ಅದೇ ಸದ್ದಾಗಿ ಕೇಳೋದು. ಮೊದಲು ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಿ ನೋಡಿ. ಹೋಗಲಿಲ್ಲವೇ? ಸ್ಪೀಕರ್‌ಗೆ ಆಪ್ಟಿಕಲ್ ಇನ್‌ಪುಟ್ ಇದ್ದರೆ ಯುಎಸ್‌ಬಿಯಿಂದ ಆಪ್ಟಿಕಲ್ ಕೊಡುವ ಕನ್ವರ್ಟರ್ ಬಳಸಿ. ಸಿಗ್ನಲ್ ಬೆಳಕಿನಲ್ಲಿ ಹೋಗೋದರಿಂದ ಲೂಪ್ ಅಲ್ಲೇ ತುಂಡಾಗುತ್ತೆ, ನನ್ನ ಪ್ರಕಾರ ಇದೇ ಒಳ್ಳೆಯ ದಾರಿ. ಇಲ್ಲದಿದ್ದರೆ ಆಡಿಯೊ ಕೇಬಲ್‌ನ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಅಗ್ಗದ್ದು ತಗೊಂಡರೆ ಬೇಸ್ ಸೊರಗುತ್ತೆ.

ಉತ್ತರ 2: ದಯವಿಟ್ಟು ಅರ್ತ್ ಪಿನ್ ಮಾತ್ರ ಕೀಳಬೇಡಿ. ಸದ್ದು ನಿಲ್ಲಬಹುದು, ಆದರೆ ಒಳಗೆ ಇನ್ಸುಲೇಶನ್ ಹೋದ ದಿನ ಮುಟ್ಟಿದವರಿಗೆ ಶಾಕ್.

ಉತ್ತರ 3: ಎಲ್ಲ ಇನ್‌ಪುಟ್ ಕೇಬಲ್ ಬಿಚ್ಚಿದ ಮೇಲೂ ಗುಂಯ್ ಅಂದರೆ ಸ್ಪೀಕರ್‌ನ ಪವರ್ ಸಪ್ಲೈನಲ್ಲಿ ಕರೆಂಟಿನ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಮೇಲೆ ಅನುಮಾನಪಡಿ. 50 ಹರ್ಟ್ಜ್ ಮೇನ್ಸ್ (ಮನೆಯ ಕರೆಂಟ್) ಇದ್ದಲ್ಲಿ ಆ ಸದ್ದು ಸಾಮಾನ್ಯವಾಗಿ 100 ಹರ್ಟ್ಜ್. ಅದನ್ನು ರಿಪೇರಿಯವರಿಗೇ ಬಿಡಿ, ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತೆ. ಬರೀ ಸುಸ್ ಅಂತಿದ್ದರೆ ಲ್ಯಾಪ್‌ಟಾಪ್ ವಾಲ್ಯೂಮ್ 80–90%ಗೆ ಏರಿಸಿ, ಸ್ಪೀಕರ್ ನಾಬ್ ಇಳಿಸಿ.